ಗುನ್‌ವೋರ್ ಮತ್ತೆ ಅಗೆದ ನಲವತ್ತು ಮೀಟರ್

ಬೆಳಗಿನ ಏಳು ಗಂಟೆ. ಮಾಲ್ಡೋವಾದ ಈ ಹಳ್ಳಿಶಾಲೆಯ ಹಿತ್ತಲಲ್ಲಿ ಇಬ್ಬನಿ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದೆ. ಎದೆಮಟ್ಟದ ಕಾಲುವೆಯೊಳಗಿಂದ ಮೊದಲು ಒಂದು ಸಲಿಕೆ ಮಣ್ಣು ಮೇಲೆ ಬರುತ್ತದೆ, ಆಮೇಲೆ ಉಣ್ಣೆಯ ಟೋಪಿ, ಅದರ ಕೆಳಗೆ ಅರವತ್ತೊಂದು ವರ್ಷದ ಗುನ್‌ವೋರ್ ಅವರ ಮುಖ. “ಕೈ ಕೊಡಲ್ಲ, ಮಣ್ಣಾಗುತ್ತೆ,” ಎಂದು ಊರಿನ ಪತ್ರಿಕೆಗೆ ಬರೆಯಲು ಬಂದು ಕೈ ಚಾಚಿದ ನನಗೆ ಹೇಳುತ್ತಾರೆ.

ನಾರ್ವೆಯ ದಕ್ಷಿಣ ಕರಾವಳಿಯ ನಮ್ಮೂರಿನಲ್ಲಿ ಇವರು ಶಾಲೆಯ ನೆಲ ಒರೆಸುವವರು. ರಜೆಯ ಎರಡು ವಾರ ಊರಿನ ಕ್ರೈಸ್ತ ಪ್ರಾರ್ಥನಾ ಮನೆಯ ತಂಡದೊಂದಿಗೆ ಇಲ್ಲಿಗೆ ಸೇವೆಗೆ ಬರುತ್ತಾರೆ. ಅಕ್ಟೋಬರ್‌ನಲ್ಲಿ ಹೀಗೆ ಬರುತ್ತಿರುವುದು ಇದು ಒಂಬತ್ತನೇ ವರ್ಷ.

ಮೊದಲ ವರ್ಷ ತಂಡ ಶಾಲೆಯ ಗೋಡೆಗೆ ಬಣ್ಣ ಬಳಿದಿತ್ತು. ಹಳೆಯ ಬಣ್ಣ ಕೆರೆಯುವಾಗ ಹಸಿರಿನ ಕೆಳಗೆ ಹಳದಿ, ಹಳದಿಯ ಕೆಳಗೆ ನೀಲಿ. ಹಿಂದೆ ಬಂದಿದ್ದ ಮೂರು ತಂಡಗಳೂ ಅದೇ ಗೋಡೆಗೆ ಬಳಿದು ಹೋಗಿದ್ದವು. ಗುನ್‌ವೋರ್ ಕುಂಚ ಇಟ್ಟು, ನಿಮಗೆ ನಿಜಕ್ಕೂ ಬೇಕಾದ್ದೇನು ಎಂದು ಮುಖ್ಯೋಪಾಧ್ಯಾಯಿನಿ ಯೆವ್ದೋಕಿಯಾ ಅವರನ್ನು ಕೇಳಿದರು.

“ಶೌಚಾಲಯಕ್ಕೆ ನೀರು. ದೊಡ್ಡ ಹುಡುಗೀರು ತಿಂಗಳಿಗೆ ಐದು ದಿನ ಶಾಲೆಗೇ ಬರಲ್ಲ.”

ಊರಿಗೆ ಮರಳಿದವರೇ ಕೊಳಾಯಿ ಕೆಲಸದ ತಮ್ಮ ಆಸ್‌ಬ್ಯೋರ್ನ್‌ನ ಮುಂದೆ ನಿಂತರು. “ಅಕ್ಕಾ, ಇದು ನೆಲ ಒರೆಸಿದ ಹಾಗಲ್ಲ,” ಎಂದ ಅವನು.

“ನೆಲ ಒರೆಸೋಕೆ ನಿಂಗೆ ಬರುತ್ತಾ? ಸುಮ್ನೆ ಕಲಿಸು.”

ಎರಡು ಚಳಿಗಾಲ, ಪ್ರತಿ ಶನಿವಾರ, ಅವರಿವರ ಮನೆಯ ಮರದ ನೆಲದಡಿ ತೆವಳಿ ಪೈಪು ಕೂಡಿಸಲು ಕಲಿತರು. ಮೂರನೇ ಸಲ ಬಂದಾಗ ಹನ್ನೆರಡು ಜನ ಸೇರಿ ಬಾವಿಯಿಂದ ಶಾಲೆಗೆ ನೂರ ಅರವತ್ತು ಮೀಟರ್ ಪೈಪು ಹಾಕಲು ಹೊರಟರು. ನಲವತ್ತು ಮೀಟರ್ ಬಾಕಿ ಇರುವಾಗ ಮರುದಿನವೇ ವಿಮಾನ. ಕೊನೆಯ ಭಾಗವನ್ನು ಮೊಣಕಾಲುದ್ದವಷ್ಟೇ ಅಗೆದು ಮುಚ್ಚಿಬಿಟ್ಟರು. ಜನವರಿಯ ಚಳಿ ಅಷ್ಟು ಆಳಕ್ಕೂ ಇಳಿದು, ನೀರು ಹೆಪ್ಪುಗಟ್ಟಿ ಪೈಪು ಒಡೆಯಿತು. ತರಗತಿಗಳಿಗೆ ನೀರು ನುಗ್ಗಿ ಶಾಲೆ ಮೂರು ವಾರ ಮುಚ್ಚಿತು.

ಆ ಸುದ್ದಿ ತಲುಪಿದ ಭಾನುವಾರ ಪ್ರಾರ್ಥನಾ ಮನೆಯಲ್ಲಿ ತಂಡದ ನಾಯಕ ಲೇಯ್ವ್ ಪ್ರವಾಸದ ಚಿತ್ರಗಳನ್ನು ತೋರಿಸುತ್ತ, ಕೆಲಸ ಮುಗಿಯಿತು, ಮುಂದಿನ ವರ್ಷ ಹೊಸ ದೇಶ ಎಂದರು. ಗುನ್‌ವೋರ್ ಎದ್ದು ನಿಂತರು.

“ಒಡೆದಿರೋದು ಅಲ್ಲಿ. ಹೋಗೋದು ಇನ್ನೆಲ್ಲಿಗೋ?”

“ಗುನ್‌ವೋರ್, ನಮ್ಮ ಮನಸ್ಸು ಒಳ್ಳೇದಿತ್ತಲ್ಲ.”

“ಮನಸ್ಸು ಒಳ್ಳೇದೇ ಇತ್ತು ಲೇಯ್ವ್. ಆಳ ಸಾಲಲಿಲ್ಲ.”

ನೆಲದ ಮಂಜು ಕರಗಿದ ಮಾರ್ಚ್‌ನಲ್ಲಿ ಗುನ್‌ವೋರ್ ಒಬ್ಬರೇ ಹೊರಟರು. ಶಾಲೆಯ ಕಾವಲುಗಾರ ಗೆನಾಡಿ ಅವರನ್ನು ನೋಡಿ ಗೇಟು ತೆರೆದ. ಆಮೇಲೆ ಎರಡು ಸಲಿಕೆ ತಂದ. ಇಬ್ಬರೇ ಹತ್ತು ದಿನದಲ್ಲಿ ನಲವತ್ತು ಮೀಟರನ್ನೂ ಎದೆಯುದ್ದಕ್ಕೆ ಅಗೆದರು. “ಬಣ್ಣ ಬಳಿದೋರು ಯಾರೂ ಗೋಡೆ ಒಣಗಿತಾ ಅಂತ ನೋಡೋಕೆ ಬಂದಿರಲಿಲ್ಲ,” ಎನ್ನುವ ಗೆನಾಡಿಯ ಮಾತನ್ನು ನನಗೆ ಯೆವ್ದೋಕಿಯಾ ಅನುವಾದಿಸುತ್ತಾರೆ.

ಅಂದಿನಿಂದ ತಂಡ ಬೇರೆಲ್ಲೂ ಹೋಗಿಲ್ಲ. ಈಗ ಲೇಯ್ವ್ ಕೂಡ ಸಲಿಕೆ ಹಿಡಿದೇ ಬರುತ್ತಾರೆ. ಅಡುಗೆಮನೆಗೆ ನೀರು ಬಂತು, ಈ ವರ್ಷ ಶಿಶುವಿಹಾರದ ಸರದಿ. ದಿನಕ್ಕೆ ಎಂಟು ಮೀಟರ್. ಮುಗಿಯದಿದ್ದರೆ ಎಂದು ಗುನ್‌ವೋರ್ ಅವರನ್ನು ಕೇಳುತ್ತೇನೆ. “ಕಾಲುವೆ ಮುಚ್ಚದೆ ಹಾಗೇ ಬಿಟ್ಟು ಹೋಗ್ತೀವಿ. ಮುಗಿಸೋದು ಗೆನಾಡಿಗೆ ಗೊತ್ತು. ನನಗಿಂತ ಚೆನ್ನಾಗಿ ಪೈಪು ಕೂಡಿಸ್ತಾನೆ.”

ಸೊಂಟ ನೋಯುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಸುವಾರ್ತೆ ಸಾರುವುದಿಲ್ಲವೇ ಎಂದರೆ ನಗುತ್ತಾರೆ. “ಯೇಸು ಶಿಷ್ಯರ ಕಾಲು ತೊಳೆದ. ಅದಕ್ಕೂ ಯಾರೋ ನೀರು ತಂದಿಟ್ಟಿರಬೇಕಲ್ಲ.”

ಶಾಲೆ ಶುರುವಾಗುತ್ತದೆ. ಹುಡುಗಿಯರ ಗುಂಪೊಂದು ನಮ್ಮ ಪಕ್ಕದಲ್ಲೇ ಹರಟುತ್ತ ಹಾದುಹೋಗುತ್ತದೆ, ಯಾರೂ ಕಾಲುವೆಯತ್ತ ನೋಡುವುದಿಲ್ಲ. ಒಳಗೆ ನಲ್ಲಿ ತಿರುಗಿಸಿದ ಸದ್ದು.

“ಕೇಳಿಸ್ತಾ?” ಎನ್ನುತ್ತಾರೆ ಗುನ್‌ವೋರ್. “ಇದನ್ನ ಯಾರು ಹಾಕಿದ್ದು ಅಂತ ಆ ಹುಡುಗೀರಿಗೆ ಯಾವತ್ತೂ ಗೊತ್ತಾಗಬಾರದು. ನಲ್ಲಿ ಅಂದ್ರೆ ನೀರು ಬರುತ್ತೆ ಅಂತಷ್ಟೇ ಗೊತ್ತಿದ್ರೆ ಸಾಕು.”