ಯಾರ ನಾಯಿ ಎಂದು ಕೇಳಿದವರು

ಬೈಯುವಾಗ ಅವರ ಕತ್ತಿನ ಎಡಭಾಗದಲ್ಲಿ ಒಂದು ನರ ಕಿರುಬೆರಳಿನಷ್ಟು ದಪ್ಪ ಉಬ್ಬುತ್ತಿತ್ತು. ಎಡಭಾಗ ಎಂದು ಬರೆದೆ. ನಾನು ಯಾವಾಗಲೂ ಎದುರಿಗೆ ನಿಂತು ಬೈಸಿಕೊಂಡವನು. ಅದು ನನ್ನ ಎಡವೋ ಅವರ ಎಡವೋ ಈಗ ಖಚಿತವಿಲ್ಲ. ನರವಂತೂ ಇತ್ತು. ಮಾತು ನಿಂತ ಮೇಲೂ ಸ್ವಲ್ಪ ಹೊತ್ತು ಬಡಿದುಕೊಳ್ಳುತ್ತಿತ್ತು.

ನಾವು ಅವರನ್ನು ದಣಪೆಯಮ್ಮ ಎನ್ನುತ್ತಿದ್ದೆವು. ಎದುರಿಗಲ್ಲ, ವಾಟ್ಸಾಪ್ ಗುಂಪಿನಲ್ಲಿ. ಸಾಗರದಿಂದ ವರದಹಳ್ಳಿಗೆ ಹೋಗುವ ರಸ್ತೆಯಿಂದ ಒಂದು ಮಣ್ಣುದಾರಿ ಕವಲೊಡೆದು ಅವರ ಮನೆ, ಕೊಟ್ಟಿಗೆ, ಗದ್ದೆ ದಾಟಿ ಕೆರೆಯಾಚೆಯ ಬಯಲಿಗೆ ಹೋಗುತ್ತದೆ. ದಾರಿಯ ಬಾಯಲ್ಲಿ ಎರಡು ಕಂಬ, ಕಂಬಗಳ ತೂತಿನಲ್ಲಿ ಅಡ್ಡಕ್ಕೆ ಬಿದಿರಿನ ಗಳಗಳು. ಎಳೆದರೆ ದಾರಿ, ತೂರಿಸಿದರೆ ಬೇಲಿ. ಅದೇ ದಣಪೆ. ಆ ದಾರಿ ಪಂಚಾಯಿತಿಯದೋ ಅವರ ಮನೆಯದೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ದಣಪೆ ಸದಾ ತೆರೆದೇ ಇರುತ್ತಿದ್ದುದರಿಂದ ಕೇಳುವ ಸಂದರ್ಭವೂ ಬಂದಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಆ ದಾರಿಯಲ್ಲಿ ನಮ್ಮ ನಾಯಿ ನಡಿಗೆ. ಶುರುಮಾಡಿದವರು ಪೇಟೆಯ ಹಾರ್ಡ್‌ವೇರ್ ಅಂಗಡಿಯವರು. ಮೊದಲು ಅವರ ಲ್ಯಾಬ್ರಡಾರ್ ಮತ್ತು ನನ್ನ ಕಂತ್ರಿ, ಎರಡೇ. ಆಮೇಲೆ ಜರ್ಮನ್ ಶೆಫರ್ಡ್ ಬಂತು, ಮುಧೋಳ ಬಂತು, ಮಡಿಲಲ್ಲಿ ಕೂರುವ ಜಾತಿಗಳು ಬಂದವು. ವರ್ಷ ಕಳೆಯುವುದರೊಳಗೆ ಇಪ್ಪತ್ತಕ್ಕೂ ಹೆಚ್ಚು ನಾಯಿಗಳು. ನನ್ನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ನಡಿಗೆಗೆ ಬ್ಯಾನರ್ ಮಾಡಿಕೊಟ್ಟವನು ನಾನೇ.

ಮೊದಲ ದಿನದಿಂದಲೇ ದಣಪೆಯಮ್ಮ ನಮ್ಮನ್ನು ದ್ವೇಷಿಸಿದರು. ಡೈರಿಗೆ ಹಾಲು ಕೊಟ್ಟು ಖಾಲಿ ಕ್ಯಾನು ಹಿಡಿದು ಬರುವಾಗ ನಮ್ಮ ಸಾಲು ಎದುರಾಗುತ್ತಿತ್ತು.

"ಇದೆಂಥ ದಿಬ್ಬಣ? ನಾಯಿಗೆ ಮದುವೆ ಮಾಡ್ಸಕ್ಕೆ ಹೊಂಟ್ರಾ?"

ಹಾರ್ಡ್‌ವೇರ್‌ನವರು ನಗುತ್ತ, "ಹೆದರ್ಬೇಡಿ ಅಮ್ಮಾ, ನಮ್ದು ಏನೂ ಮಾಡಲ್ಲ" ಎಂದರು.

"ಅದು ಏನೂ ಮಾಡಲ್ಲ, ಗೊತ್ತು ನಂಗೆ. ನೀವೂ ಏನೂ ಮಾಡಲ್ಲ. ಅದೇ ಕಷ್ಟ ಇರೋದು."

ಈ ಮಾತನ್ನು ಅವತ್ತೇ ಆಡಿದರೋ, ಬೇರೆ ದಿನದ್ದನ್ನು ನಾನು ಇಲ್ಲಿಗೆ ತಂದು ಅಂಟಿಸುತ್ತಿದ್ದೇನೋ ಹೇಳಲಾರೆ. ನೆನಪು ನನ್ನ ಅಂಗಡಿಯ ಕಂಪ್ಯೂಟರಿನಂತೆ. ಒಬ್ಬರ ತಲೆಯನ್ನು ಇನ್ನೊಬ್ಬರ ಕೋಟಿಗೆ ಸಲೀಸಾಗಿ ಕೂರಿಸುತ್ತದೆ.

ನಮ್ಮಲ್ಲಿ ಯಾರ ಹೆಸರನ್ನೂ ಅವರು ಕೇಳಿದವರಲ್ಲ. "ಏಯ್ ಕೆಂಚುನಾಯಿ, ದಾರಿ ಬಿಡು" ಎಂದರೆ ದಾರಿ ಬಿಡಬೇಕಾದವನು ನಾನು. ಕೈಯಲ್ಲಿ ಕೋಲಿರುತ್ತಿತ್ತು. ಆದರೆ ಅದು ನಾಯಿಯ ಕಡೆ ಎದ್ದದ್ದನ್ನು ನಾನು ನೋಡಿಲ್ಲ. ಕೋಲಿನ ತುದಿ ಯಾವಾಗಲೂ ಮನುಷ್ಯರ ಎದೆಯ ಮಟ್ಟಕ್ಕೆ ಇರುತ್ತಿತ್ತು. ದಾರಿಯಲ್ಲಿ ಬಿದ್ದ ನಾಯಿಹೇಲನ್ನು ಅಡಿಕೆಹಾಳೆಯ ತುಂಡಿನಲ್ಲಿ ಎತ್ತಿಟ್ಟು, ಮುಂದಿನ ಭಾನುವಾರ ಅದರ ಯಜಮಾನನ ಗಾಡಿಯ ಮೇಲೆ ಇಡುತ್ತಿದ್ದರು. ಒಮ್ಮೆ ನನ್ನ ಸ್ಕೂಟರಿನ ಸೀಟಿನ ಮೇಲೆ ಇಟ್ಟರು. ಹಿಂದಿನ ವಾರ ನಾನು ಬಂದೇ ಇರಲಿಲ್ಲ, ಅದನ್ನು ಹೇಳಿದೆ.

"ಈ ವಾರ ಅಲ್ದಿದ್ರೆ ಬರೋ ವಾರ ಮಾಡ್ತದೆ. ಮುಂಗಡ ಅಂತ ಇಟ್ಕ."

ತಪ್ಪಾಯಿತು ಎನ್ನಲಿಲ್ಲ. ನಾನೇ ಹಾಳೆ ಎತ್ತಿ ಎಸೆದೆ. ಆ ಸಿಟ್ಟು ನನ್ನಲ್ಲಿ ಇನ್ನೂ ಹಸಿಯಾಗಿದೆ.

ಇದಕ್ಕಿಂತ ಕೆಟ್ಟದ್ದೂ ಇದೆ. ಬೇಕರಿಯವರ ಹೆಂಡತಿ ತಮ್ಮ ಬಿಳಿ ಪಾಮೆರೇನಿಯನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಆ ದಂಪತಿಗೆ ಮಕ್ಕಳಿರಲಿಲ್ಲ. ದಣಪೆಯಮ್ಮ ಎಲ್ಲರೆದುರು ಆಕೆಯನ್ನು ನಿಲ್ಲಿಸಿ, "ಕೂಸು ಕೂರೋ ಜಾಗದಲ್ಲಿ ಎಂತ ಇಟ್ಕಂಡಿದ್ದೆ ನೀನು?" ಎಂದು ಕೇಳಿದರು. ಆಕೆ ಮತ್ತೆ ನಡಿಗೆಗೆ ಬರಲಿಲ್ಲ. ಆ ಮಾತಿಗೆ ನನ್ನಲ್ಲಿ ಕ್ಷಮೆ ಇಲ್ಲ. ಇದನ್ನು ಬಿಟ್ಟು ಅವರ ಚಿತ್ರ ಬರೆದರೆ ಅದು ಚಿತ್ರವಾಗುವುದಿಲ್ಲ, ಫ್ಲೆಕ್ಸ್ ಆಗುತ್ತದೆ.

ಅವರ ಬಳಿ ಒಂದು ಕಡಸು ಇತ್ತು. ಚೊಚ್ಚಲ ಗಬ್ಬ. ಕೊಟ್ಟಿಗೆಯಲ್ಲಿದ್ದ ಮುದಿ ಹಸು ಹಾಲು ಬತ್ತಿಸುತ್ತ ಬಂದಿತ್ತು, ಮುಂದೆ ಮನೆಗೆ ಬೇಕಾದ ಹಾಲೆಲ್ಲ ಈ ಕಡಸಿನಿಂದಲೇ ಬರಬೇಕಿತ್ತು. ಗದ್ದೆ ಕೊಯ್ಲಾದ ಮೇಲೆ ಕೂಳೆಯಲ್ಲಿ ಅದನ್ನು ಗೂಟಕ್ಕೆ ಕಟ್ಟಿ ಮೇಯಿಸುತ್ತಿದ್ದರು. ನಾವು ದಾಟುವವರೆಗೂ ಅದರ ಪಕ್ಕ ನಿಂತಿರುತ್ತಿದ್ದರು.

ಒಂದು ಭಾನುವಾರ ಹಾರ್ಡ್‌ವೇರ್‌ನವರಿಗೆ ವಿಡಿಯೋ ಬೇಕಾಯಿತು: ಖಾಲಿ ಗದ್ದೆ, ಮಂಜು, ಓಡುವ ನಾಯಿಗಳು. ತಮ್ಮ ಲ್ಯಾಬ್ರಡಾರಿನ ಚೈನು ಬಿಚ್ಚಿದರು. ಅದು ಓಡಿದ್ದನ್ನು ಕಂಡು ಇನ್ನೆರಡು ನಾಯಿಗಳು ಯಜಮಾನರ ಕೈಯಿಂದ ಚೈನು ಕಿತ್ತುಕೊಂಡು ಹಿಂದೆ ಬಿದ್ದವು. ಲ್ಯಾಬ್ರಡಾರ್ ಆಟಕ್ಕೇ ಹೋಯಿತು ಎಂದು ನಾನು ಈಗಲೂ ನಂಬುತ್ತೇನೆ. ಕಡಸಿಗೆ ಅದು ಗೊತ್ತಾಗುವುದು ಹೇಗೆ? ಗೂಟ ಕಿತ್ತುಕೊಂಡು ಓಡಿ, ಬೇಲಿ ಹಾರಲು ಹೋಗಿ ಆಚೆಯ ಅಗಳಿಗೆ ಬಿತ್ತು. ಆಳದ ಕಂದಕ. ಹೊಟ್ಟೆಯ ಮೇಲೆಯೇ ಬಿದ್ದಿತ್ತು.

ಹಗ್ಗ ಹಾಕಿ ನಾವೆಲ್ಲ ಸೇರಿ ಎತ್ತಿದೆವು. ಅವರು ಅಗಳಿಗಿಳಿದು ಅದರ ತಲೆಯನ್ನು ತೊಡೆಗೆ ಆನಿಸಿಕೊಂಡಿದ್ದರು. ಅಷ್ಟು ಹೊತ್ತೂ ಬೈಯಲಿಲ್ಲ. ನರ ಉಬ್ಬಲಿಲ್ಲ. ಮೇಲೆ ಬಂದು ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು:

"ಯಾರ ನಾಯಿ?"

ಅವರಿಗೆ ಗೊತ್ತಿತ್ತು, ಕಣ್ಣಾರೆ ನೋಡಿದ್ದರು. ನಮಗೂ ಗೊತ್ತಿತ್ತು. ಹಾರ್ಡ್‌ವೇರ್‌ನವರು ಮುಂದೆ ಬಂದರು. "ಅಮ್ಮಾ, ಇದು ಗುಂಪಿನ ಜವಾಬ್ದಾರಿ. ಗುಂಪಿನ ಪರವಾಗಿ ನಾವೆಲ್ಲ ಸೇರಿ ಡಾಕ್ಟರನ್ನ ಕರೆಸಿ..."

"ಗುಂಪು ಯಾವತ್ತು ನಾಯಿ ಸಾಕ್ತು? ಯಾರ ನಾಯಿ?"

ಜರ್ಮನ್ ಶೆಫರ್ಡ್ ಒಂದು ಆಕಳಿಸಿದ್ದು ಕೇಳಿಸಿತು.

ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು. ಅದೇ ವಾರ ಗಬ್ಬ ಇಳಿದುಹೋಯಿತು. ಕರು ಸತ್ತೇ ಬಂತು.

ಮುಂದಿನ ಭಾನುವಾರ ದಣಪೆಯ ಎಲ್ಲ ಗಳಗಳೂ ಹಾಕಿದ್ದವು. ಆಚೆ ಅವರು.

"ಒಬ್ಬೊಬ್ರೇ ಬನ್ನಿ. ಗಳ ಮುಟ್ಟಿ ಹೇಳಿ: ಇದು ನನ್ನ ನಾಯಿ, ಇದು ಮಾಡಿದ್ದು ನಾನು ಮಾಡಿದ್ದು. ಹೇಳಿದವ್ರಿಗೆ ದಾರಿ."

ಗುಂಪಿನಲ್ಲಿ ನಗು ಎದ್ದಿತು. ಇದೆಂಥ ಆಣೆ ಪ್ರಮಾಣ, ಸಾರ್ವಜನಿಕ ದಾರಿ, ಪಂಚಾಯಿತಿಗೆ ಹೇಳುತ್ತೇವೆ ಎಂದು ನಾವೂ ಕೂಗಿದೆವು. ಹಾರ್ಡ್‌ವೇರ್‌ನವರು ಪಂಚಾಯಿತಿ ಸದಸ್ಯರನ್ನು ಕರೆತಂದರು. ಸದಸ್ಯರು ಕೊಟ್ಟಿಗೆಗೆ ಹೋಗಿ ಕಡಸನ್ನು ನೋಡಿ ಬಂದು, "ನಂಗೂ ದನ ಇದೆ ಮಾರಾಯ್ರೆ" ಎಂದಷ್ಟೇ ಹೇಳಿ ಬೈಕ್ ಹತ್ತಿದರು. ಒಂದು ವಾರ ಎಲ್ಲರೂ ಕಾರುಗಳಲ್ಲಿ ನಾಯಿಗಳನ್ನು ತುಂಬಿಕೊಂಡು ಹೊನ್ನೆಮರಡಿನ ಹಿನ್ನೀರಿಗೆ ಹೋದೆವು. ದಾರಿಯಲ್ಲಿ ನಾಯಿಗಳು ವಾಂತಿ ಮಾಡಿಕೊಂಡವು, ನೀರಿನ ಹತ್ತಿರ ಕಚ್ಚಾಡಿದವು, ಯಾವುದು ಮೊದಲು ಕಚ್ಚಿತು ಎಂದು ಯಜಮಾನರೂ ಕಚ್ಚಾಡಿದರು.

ಮತ್ತೆ ದಣಪೆಗೇ ಬಂದೆವು. ನನ್ನ ನಾಯಿ ಬಯಲಿನ ವಾಸನೆ ಹಿಡಿದು ಕುಂಯ್‌ಗುಟ್ಟುತ್ತಿತ್ತು. ಗಳದ ಮೇಲೆ ಕೈಯಿಟ್ಟು ನೆಲ ನೋಡುತ್ತ ಹೇಳಿದೆ.

"ಜೋರಾಗಿ. ನಿನ್ನ ನಾಯಿಗೇ ಕೇಳ್ಲಿಲ್ಲ."

ಇನ್ನೊಮ್ಮೆ ಹೇಳಿದೆ. ಮೈ ಉರಿಯಿತು. ಗಳ ಸರಿಯಿತು. ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು, ಹಾರ್ಡ್‌ವೇರ್‌ನವರ ಹೊರತು. ಅವರಿಗೆ ಅಂದಿನಿಂದ ಬೆನ್ನುನೋವು. ಡಾಂಬರು ರಸ್ತೆಯಲ್ಲಿ ಕಾರು ನಿಲ್ಲಿಸಿ, ಒಳಗೆ ಲ್ಯಾಬ್ರಡಾರಿನ ಜೊತೆ ಕೂತು, ನಾವು ವಾಪಸು ಬರುವವರೆಗೂ ಕಾಯುತ್ತಿದ್ದರು.

ನಮ್ಮ ನಡಿಗೆಗೆ ಈಗ ನಿಯಮಗಳಿವೆ. ಬೇರೆ ಊರಿನ ಗುಂಪಿನವರು ಕೇಳಿ ತರಿಸಿಕೊಂಡಿದ್ದಾರೆ. ಅವೆಲ್ಲ ನಾವು ಕೂತು ಚರ್ಚಿಸಿ ಮಾಡಿದ್ದು ಎಂದು ಗುಂಪಿನವರು ಹೇಳುತ್ತಾರೆ. ಸುಳ್ಳು. ಒಂದೊಂದೂ ದಣಪೆಯಾಚೆಯಿಂದ ಬಂದ ಬೈಗುಳ. "ಎರಡು ಕೈಗೆ ಮೂರು ನಾಯಿ ಎಂತಕ್ಕೆ?" ಎಂದದ್ದು ಒಬ್ಬರಿಗೆ ಒಂದೇ ನಾಯಿ ಎಂಬುದಾಯಿತು. "ಫೋನಲ್ಲಿ ಹಲ್ಲು ಕಿಸಿಯೋನು ನಾಯೀನ ಮನೇಲೇ ಬಿಟ್ ಬಾ" ಎಂದದ್ದು ಫೋನು ಜೇಬಿನಲ್ಲಿರಲಿ ಎಂದಾಯಿತು. ದನ ಎದುರಾದರೆ ನಾವೇ ದಾರಿಯಿಂದ ಇಳಿದು, ನಾಯಿಯನ್ನು ಕಾಲಿನ ಹಿಂದೆ ಕೂರಿಸಿಕೊಂಡು, ಅದು ದಾಟುವವರೆಗೂ ನಿಲ್ಲಬೇಕು. ಇದರ ಮೂಲ ಮಾತನ್ನು ಇಲ್ಲಿ ಬರೆಯಲಾಗದು, ನಮ್ಮ ತಾಯಂದಿರ ಪ್ರಸ್ತಾಪವಿದೆ.

ಎಲ್ಲರೂ ಇಷ್ಟು ಮಾಡಿದ ಮೇಲೆ ಅವರು ಮೆದುವಾಗಿರಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ಒಂದು ದಿನ ನನ್ನ ನಾಯಿಯ ತಲೆ ಸವರಿದರು ಎಂದು ಬರೆಯಲು ನನಗೂ ಕೈ ತುರಿಸುತ್ತದೆ. ಸವರಲಿಲ್ಲ. ಗಳ ಸರಿಸುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ನಾವು ದಾಟಿದ ಮೇಲೆ ಉಗುಳುತ್ತಿದ್ದರು.

ಒಂದು ಬೆಳಿಗ್ಗೆ ವರದಹಳ್ಳಿ ರಸ್ತೆಯಲ್ಲಿ ನಾನು ಮತ್ತು ನಾಯಿ ಇಬ್ಬರೇ. ಅಲ್ಲಿನ ಆಶ್ರಮಕ್ಕೆ ನಡೆದು ಹೊರಟಿದ್ದ ಒಂದು ತಂಡ ಎದುರಾಯಿತು. ಅವರಲ್ಲೊಬ್ಬರ ಪಂಚೆಯ ಅಂಚು ಗಾಳಿಗೆ ಹಾರಿ ನಾಯಿಯ ಮೂತಿಗೆ ಬಡಿಯಿತು. ಅದು ಪಂಚೆಯ ಜೊತೆ ಮೀನಖಂಡವನ್ನೂ ಹಿಡಿಯಿತು. ರಕ್ತ ಕಂಡಿತು. ಆಗಲೇ ಇಬ್ಬರು ಬಗ್ಗಿ ಕಲ್ಲು ಎತ್ತಿಕೊಂಡಿದ್ದರು. "ಯಾರದ್ರೀ ಇದು?" ಎಂದು ಒಬ್ಬರು ಅರಚಿದರು. ಇಂಥ ಹೊತ್ತಿನಲ್ಲಿ ಮೊದಲೆಲ್ಲ ನನ್ನ ಬಾಯಿಗೆ ಏನು ಬರುತ್ತಿತ್ತೋ ಗೊತ್ತು: ಅದು ಹಂಗೆಲ್ಲ ಮಾಡಲ್ಲ, ನೀವು ಹೆದರಿದ್ರಿ, ಪಂಚೆ ಹಾರಿತು. ಅವತ್ತು ಬಂದದ್ದು, "ನನ್ನ ನಾಯಿ. ಕಚ್ಚಿದ್ದು ನಾನು ಅಂತಲೇ ಇಟ್ಕೊಳ್ಳಿ. ಬನ್ನಿ ಆಸ್ಪತ್ರೆಗೆ." ಅವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಕಲ್ಲುಗಳು ಕೈಯಲ್ಲೇ ಉಳಿದವು. ಕಚ್ಚಿಸಿಕೊಂಡವರು ಕೊನೆಯ ಇಂಜೆಕ್ಷನ್ ತೆಗೆದುಕೊಳ್ಳುವವರೆಗೂ ಪ್ರತಿ ಸಲ ನಾನೇ ಕರೆದುಕೊಂಡು ಹೋದೆ. ನಾಯಿ ಬದುಕಿದೆ. ಈಗ ಕಾಲ ಬಳಿ ಮಲಗಿದೆ.

ದಣಪೆಯಮ್ಮನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ, "ಕಚ್ಚೋ ನಾಯಿ ಇಟ್ಕಂಡು ದೊಡ್ಡಸ್ತಿಕೆ ಬೇರೆ" ಎನ್ನುತ್ತಿದ್ದರು.

ಹೋದ ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಸುದ್ದಿ ಗುಂಪಿನಲ್ಲಿ ಬಂತು, ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಸಂಜೆ ಹಾರ್ಡ್‌ವೇರ್‌ನವರು ನನ್ನ ಅಂಗಡಿಗೆ ಬಂದರು. ಫೋನಿನಲ್ಲಿ ದಣಪೆಯಮ್ಮನ ಒಂದು ಫೋಟೋ ಇತ್ತು, ಯಾವಾಗಲೋ ಕಾರಿನೊಳಗಿಂದ ತೆಗೆದದ್ದು.

"ದೊಡ್ಡದಾಗೇ ಮಾಡಿ. ಸುತ್ತ ನಮ್ಮೆಲ್ಲರ ನಾಯಿ ಫೋಟೋ. ಮೇಲೆ, ಶ್ವಾನಪ್ರೇಮಿ ಮಾತೆಗೆ ಭಾವಪೂರ್ಣ ಶ್ರದ್ಧಾಂಜಲಿ."

"ಶ್ವಾನಪ್ರೇಮಿ?"

"ಮತ್ತೆ? ಎಷ್ಟು ಶಿಸ್ತು ಕಲಿಸಿದ್ರು ನಮ್ಗೆ!"

ಕೊನೆಯವರೆಗೂ ನಮ್ಮನ್ನು ದ್ವೇಷಿಸಿದವರಿಗೆ ಶ್ರದ್ಧಾಂಜಲಿ ಎಂದಾದರೆ ಮಾಡಿಕೊಡುತ್ತೇನೆ ಎಂದೆ. ತಮಾಷೆ ಎಂದುಕೊಂಡರು. ಅಲ್ಲವೆಂದು ತಿಳಿದ ಮೇಲೆ ಎದ್ದು ಹೋದರು. ರಿಪ್ಪನ್‌ಪೇಟೆಯಲ್ಲಿ ಮಾಡಿಸಿ ತಂದು ದಣಪೆಯ ಕಂಬಗಳಿಗೇ ಕಟ್ಟಿಸಿದರು.

ಮಾರನೆಯ ದಿನ ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿಸಿಕೊಳ್ಳುತ್ತಿದ್ದೆ. ನಮ್ಮ ಜಗಳ ವ್ಯಾಪಾರದವರೆಗೆ ಬಂದಿರಲಿಲ್ಲ. ದಣಪೆಯಮ್ಮನ ಮಗ ಬಂದ. ಸುರುಳಿ ಸುತ್ತಿದ ಫ್ಲೆಕ್ಸನ್ನು ಗಲ್ಲಾದ ಮೇಲೆ ಇಟ್ಟ. ಸಿಟ್ಟೇನೂ ಇರಲಿಲ್ಲ.

"ಸಾರ್, ಇದು ಬೇರೆ ಯಾರದ್ದೋ ನಮ್ಮನೆ ಹತ್ರ ಕಟ್ಟಿ ಹೋಗಿದಾರೆ. ನಮ್ಮ ಅಮ್ಮ ನಾಯಿ ಮುಟ್ಟಿದೋರೇ ಅಲ್ಲ."

ಹಾರ್ಡ್‌ವೇರ್‌ನವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗನ ಕಣ್ಣು ಗಲ್ಲಾದ ಕೆಳಗೆ ಮಲಗಿದ್ದ ಲ್ಯಾಬ್ರಡಾರಿನ ಮೇಲೆ ಬಿತ್ತು. ಅದಕ್ಕೂ ವಯಸ್ಸಾಗಿದೆ, ಮೂತಿ ಬೆಳ್ಳಗಾಗಿದೆ.

"ಈ ನಾಯಿ ನಿಮ್ದಾ?"

ಹಾರ್ಡ್‌ವೇರ್‌ನವರು ನಾಯಿಯನ್ನು ನೋಡಿದರು. ನನ್ನನ್ನು ನೋಡಿದರು.

"ಅದು... ಅಂಗಡೀದು" ಎಂದರು.

ಮಗ ತಲೆಯಾಡಿಸಿ ಹೋದ. ನಾನೂ ಮೊಳೆ ತೆಗೆದುಕೊಂಡು ಹೊರಟೆ.

ದಣಪೆ ಈಗ ತೆರೆದೇ ಇರುತ್ತದೆ. ಅವರ ಸೊಸೆ ನಮ್ಮನ್ನು ಕಂಡರೆ ನಗುತ್ತಾಳೆ, "ಅತ್ತೆ ಇದ್ದಂಗೆ ಅಲ್ಲ ನಾನು, ಆರಾಮಾಗಿ ಹೋಗಿ" ಎನ್ನುತ್ತಾಳೆ. ಗುಂಪಿನಲ್ಲಿ ಕೆಲವರು ಆರಾಮಾಗಿಯೇ ಹೋಗುತ್ತಾರೆ, ಫೋನು ಮತ್ತೆ ಕೈಗೆ ಬಂದಿದೆ. ನಾನು ಅವರಿಗಿಂತ ಮೊದಲು ಒಬ್ಬನೇ ಬರುತ್ತೇನೆ. ಖಾಲಿ ಕಂಬದ ಮುಂದೆ ನಿಂತು ಆ ಮಾತು ಹೇಳಿ ಮುಂದೆ ಹೋಗುತ್ತೇನೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಮಾಡುವುದಿಲ್ಲ. ದಣಪೆಯಮ್ಮನ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ಕೂಳೆ ಗದ್ದೆ ಬಂದಾಗ ಚೈನನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ದಾರಿಯ ಆಚೆ ಅಂಚಿಗೆ ಇಳಿಯುತ್ತೇನೆ. ಗೂಟದಲ್ಲಿ ಈ ವರ್ಷ ಹೊಸ ಕಡಸು. ಅದು ತಲೆಯೆತ್ತಿ ನಮ್ಮಿಬ್ಬರನ್ನು ನೋಡುತ್ತದೆ, ಕಿವಿ ಒಮ್ಮೆ ಆಡಿಸುತ್ತದೆ, ಮತ್ತೆ ಮೇಯತೊಡಗುತ್ತದೆ.