ಎಣ್ಣೆ ಗಿರಣಿಯ ದಿವಾಳಿ ಮೊಕದ್ದಮೆ

ವಕೀಲನಾಗುವ ಮೊದಲು ನಾನು ಶಿರಾದ ಒಂದು ಎಣ್ಣೆ ಗಿರಣಿಯಲ್ಲಿ ನಾಲ್ಕು ವರ್ಷ ಇಂಜಿನ್ ನೋಡಿಕೊಳ್ಳುತ್ತಿದ್ದೆ. ಬಿ.ಎ. ಆಗಿದ್ದರೂ ಬೇರೆ ಕೆಲಸ ಸಿಕ್ಕಿರಲಿಲ್ಲ. ಆ ಸಂಬಳ ಕೂಡಿಟ್ಟೇ ಪುಣೆಗೆ ಹೋಗಿ ಕಾನೂನು ಓದಿದೆ. ಮಧುಗಿರಿಯಲ್ಲಿ ಬೋರ್ಡು ಹಾಕಿದಾಗ ಮಾತ್ರ ಈ ಸಂಗತಿ ಯಾರಿಗೂ ಹೇಳಲಿಲ್ಲ. ಮಸಿ ಹಿಡಿದ ಕೈಗೆ ಯಾರೂ ಮೊಕದ್ದಮೆಯ ಕಾಗದ ಕೊಡುವುದಿಲ್ಲ ಎಂದು ಪುಣೆಯಲ್ಲೇ ಹಿರಿಯ ವಕೀಲರೊಬ್ಬರು ಎಚ್ಚರಿಸಿದ್ದರು.

ಎರಡನೆಯ ಮಹಾಯುದ್ಧ ಶುರುವಾಗಿ, ಹೊರದೇಶಕ್ಕೆ ಹೋಗುತ್ತಿದ್ದ ಕಡಲೆಕಾಯಿ ಎಣ್ಣೆಯ ವ್ಯಾಪಾರ ಬಿದ್ದುಹೋಯಿತು. ಮಧುಗಿರಿಯ ನಾಲ್ವರು ಪಾಲುದಾರರ ಗಿರಣಿ ದಿವಾಳಿಯೆದ್ದಿತು. ಸಾಲ ಕೊಟ್ಟಿದ್ದ ಬೆಂಗಳೂರಿನ ಸಾಹುಕಾರ, ಇಂಜಿನ್ ಕೆಟ್ಟಿದೆ, ಎಲ್ಲವನ್ನೂ ಗುಜರಿಗೆ ಮಾರಿಸಿಕೊಡಿ ಎಂದು ಕೋರ್ಟಿಗೆ ಹೋದ. ಗುಜರಿ ಬೆಲೆ ಅವನೊಬ್ಬನ ಸಾಲಕ್ಕೂ ಸಾಲುತ್ತಿರಲಿಲ್ಲ. ಗಿರಣಿಗೆ ಉದ್ದರಿಗೆ ಕಡಲೆಕಾಯಿ ಹಾಕಿದ್ದ ಕೊಳಾಲದ ಕಡೆಯ ರೈತರು ನನ್ನಲ್ಲಿಗೆ ಬಂದರು.

“ಮಿಷನ್ನೇ ಮಾರ್ಬುಟ್ರೆ ನಮ್ ದುಡ್ಡು ಹೆಂಗೆ ಬತ್ತದೆ ಸ್ವಾಮಿ?” ಎಂದರು ಅವರಲ್ಲಿ ಹಿರಿಯರು.

“ಮಾರೋಕೆ ಬಿಡಲ್ಲ, ಹೋಗಿ ಬನ್ನಿ” ಎಂದೆ.

ಕೋರ್ಟಿನಲ್ಲಿ ನಾನು ಕೇಳಿದ್ದು ಇಷ್ಟೇ: ಗಿರಣಿಯನ್ನು ಕೋರ್ಟೇ ನೇಮಿಸುವ ರಿಸೀವರ್ ವಶಕ್ಕೆ ಕೊಟ್ಟು ನಡೆಸಲಿ, ಬಂದ ಲಾಭವನ್ನು ಬಾಕಿ ಬರಬೇಕಾದ ಎಲ್ಲರಿಗೂ ಹಂಚಲಿ.

“ಓಡದ ಇಂಜಿನ್ ಇಟ್ಟುಕೊಂಡು ನಡೆಸುವುದು ಹೇಗೆ?” ಎಂದರು ನ್ಯಾಯಾಧೀಶರು.

“ಇಂಜಿನ್ ನೋಡಿ ಬಂದಿದ್ದೇನೆ, ಓಡುತ್ತೆ ಸ್ವಾಮಿ. ತಾವೇ ಬಂದು ನೋಡಬೇಕು.”

ಶನಿವಾರ ಅವರು ಬಂದರು. ನಾನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಇಂಜಿನ್ನಿನ ತಲೆಗೆ ಉರಿ ಹಿಡಿದು ಕಾಯಿಸಿ, ಅದರ ದೊಡ್ಡ ಚಕ್ರ ತಿರುಗಿಸಿದೆ. ಕೆಮ್ಮಿ ನಿಂತಿತು. ಸಾಹುಕಾರನ ವಕೀಲರು ನಕ್ಕರು. ಆದರೆ ಆ ಕೆಮ್ಮು ನನಗೆ ಹೊಸದಲ್ಲ. ಇಂಜಿನ್ನಿಗೆ ಉರಿಯುವ ಎಣ್ಣೆ ಬರುವ ಕೊಳವೆ ಬಿಚ್ಚಿ, ತಂತಿ ತೂರಿಸಿ ಕಸ ತೆಗೆದೆ. ಎರಡನೆಯ ಸಲ ಚಕ್ರ ತಿರುಗಿದ್ದೇ ತಡ, ತಗಡಿನ ಸೂರು ಅದುರುವಂತೆ ಇಂಜಿನ್ ಬಡಿದುಕೊಳ್ಳತೊಡಗಿತು.

“ಇದನ್ನೆಲ್ಲಿ ಕಲಿತಿರಿ?” ನ್ಯಾಯಾಧೀಶರು ಕೂಗಿ ಕೇಳಿದರು.

ಎಲ್ಲರ ಮುಂದೆ ಇದ್ದದ್ದನ್ನು ಹೇಳಿದೆ. ಹೇಳುವಾಗ ನಾಚಿಕೆಯೆನಿಸಲಿಲ್ಲ.

ಗಿರಣಿ ಮಾರಾಟವಾಗಲಿಲ್ಲ. ಹಳೆಯ ಆಳುಗಳನ್ನೇ ಕರೆಸಿ ರಿಸೀವರ್ ನಡೆಸಿದರು. ಎಣ್ಣೆಯ ಬೆಲೆ ಚೇತರಿಸಿ ಮೂರು ಸುಗ್ಗಿಯಲ್ಲಿ ರೈತರ ಬಾಕಿ ತೀರಿತು, ಸಾಹುಕಾರನ ಅಸಲೂ ಬಂತು. ಪಾಲುದಾರರಿಗೆ ಮಾತ್ರ ಏನೂ ಉಳಿಯಲಿಲ್ಲ. ಅದನ್ನು ನಾನು ಅವರಿಗೆ ಮೊದಲೇ ಹೇಳಿದ್ದೆ.

ಅಂದು ನಕ್ಕ ವಕೀಲರೇ ಮುಂದೆ ಪಾವಗಡದ ಬೆಲ್ಲದ ವರ್ತಕನೊಬ್ಬನಿಗೆ ನನ್ನ ವಿಳಾಸ ಕೊಟ್ಟು ಕಳಿಸಿದರು. ಸಾಲ ತೀರಿಸಲಾಗದೆ ಅವನ ಮೂರು ಅಂಗಡಿಗಳಿಗೂ ಬೀಗ ಬಿದ್ದಿತ್ತು. ಕಾಗದ ಓದುವ ಮೊದಲು ಅಂಗಡಿ ನೋಡಬೇಕೆಂದು ನಾನು ಮರುದಿನದ ಮೊದಲ ಬಸ್ಸಿಗೇ ಹೊರಟೆ.