ಮಾವನವರ ಲೈನ್ ಕ್ಲಿಯರ್

ಕೇಳಿ ಗೆಳೆಯರೇ, ಇವತ್ತು ಮಲ್ಕಾಜ್‌ಗಿರಿಯ ನಮ್ಮ ಮನೆಯೊಳಗೇ ರೈಲು ಸಂಚಾರ ಅಸ್ತವ್ಯಸ್ತವಾಯಿತು.

ಕರೆಂಟ್ ಬಂದ ಕೂಡಲೇ ಹತ್ತು ವರ್ಷದ ಮಗಳು ಕಂಪ್ಯೂಟರಿನಲ್ಲಿ ರೈಲಿನ ಆಟಕ್ಕೆ ಕೂತಳು. ಗಾಡಿ ತಡವಾದರೆ ಪಾಯಿಂಟ್ ಕಡಿತ. ಪಕ್ಕದಲ್ಲಿದ್ದ ನಮ್ಮ ಮಾವನವರು ನಿವೃತ್ತ ಸ್ಟೇಷನ್ ಮಾಸ್ತರ್. ಅವಳ ಕೈ ಹಿಡಿದು ತಡೆದರು.

“ಮುಂದಿನ ಸ್ಟೇಷನ್‌ದವರು ಲೈನ್ ಕ್ಲಿಯರ್ ಕೊಟ್ಟಿಲ್ಲ. ಗಾಡಿ ಬಿಡಬ್ಯಾಡವಾ.”

“ಅಜ್ಜಾ, ಇದು ಆಟ ಐತಿ! ಪಾಯಿಂಟ್ ಹೋಗಾಕತ್ತಾವು!”

“ಹೋದ್ರ ಹೋಗ್ಲಿ. ಗಾಡಿಯೊಳಗ ಮಂದಿ ಅದಾರಲ್ಲ.”

ಸೋತ ಮಗಳು ಮುಖ ಊದಿಸಿಕೊಂಡು ಒಳಕೋಣೆಗೆ ಹೋದಳು. ಅಷ್ಟರಲ್ಲಿ ಎರಡು ವರ್ಷದ ಮಗ ಸ್ಟೀಲ್ ಬಟ್ಟಲುಗಳನ್ನು ಸಾಲಾಗಿಟ್ಟು, ‘ಕೂ’ ಎನ್ನುತ್ತ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ದೂಡತೊಡಗಿದ. ಮಾವನವರಿಗೆ ಚಹಾ ತರುತ್ತಿದ್ದ ನಾನು ದಾಟಲು ಕಾಲೆತ್ತಿದೆ. ಅವರು ಕೈ ಅಡ್ಡ ಹಿಡಿದರು.

“ನಿಂದ್ರವಾ, ಗೇಟ್ ಹಾಕೈತಿ. ಗಾಡಿ ಹೋಗ್ಲಿ.”

ನಿಂತೆ. ನಡುವಿನ ಬಟ್ಟಲೊಂದು ಹಳಿ ತಪ್ಪಿತು. ಮಗ ಎಲ್ಲವನ್ನೂ ಮೊದಲಿನಿಂದ ಜೋಡಿಸಿದ. ಕೊನೆಯ ಬಟ್ಟಲು ದಾಟಿದ ಮೇಲೆಯೇ ನನಗೆ ಅಪ್ಪಣೆ ಸಿಕ್ಕಿದ್ದು.

ಮಾವನವರು ಒಂದು ಗುಟುಕು ಕುಡಿದರು. “ಚಹಾ ಪೂರಾ ಆರೈತಲ್ಲವಾ?”

“ಲೈನ್ ಕ್ಲಿಯರ್ ಸಿಗಲಿಲ್ಲರಿ,” ಎಂದೆ.

ಒಳಕೋಣೆಯಿಂದ ಮಗಳು ಕೂಗಿದಳು: “ಮಮ್ಮೀದೂ ಪಾಯಿಂಟ್ ಹೋದುವು!”